ಸಡಿಲ ಬೆಲ್ಟಿನ ಗುರುಕುಲ

ದೆಹಲಿಯ ಲೋಧಿ ಉದ್ಯಾನದ ಬೆಳಗಿನ ನಡಿಗೆಯಲ್ಲಿ ನನ್ನನ್ನು ಹಿಂದೆ ಹಾಕದ ಜೀವಿಯೆಂದರೆ ಅಲ್ಲಿನ ಕೊಳದ ಬಾತುಕೋಳಿ ಮಾತ್ರ; ಅದೂ ತನಗೆ ಅವಸರವಿಲ್ಲದ ದಿನಗಳಲ್ಲಿ. ನನ್ನ ಹೆಂಡತಿ ನಾಲ್ಕು ಹೆಜ್ಜೆ ಮುಂದೆ ನಿಂತು, "ಸ್ವಲ್ಪ ಬೇಗ ಬನ್ನಿ ಅಂದ್ರೆ, ಚಲೋ!" ಎನ್ನುತ್ತಾಳೆ. ಈ ಮಂದಗಮನಕ್ಕೆ ವಯಸ್ಸೇ ಕಾರಣವೆಂದು ಅವಳ ನಂಬಿಕೆ. ಆದರೆ ಮಿತ್ರರೇ, ಮೂಲದೋಷವಿದ್ದದ್ದು ನಮ್ಮ ಮನೆಯ ಟೇಪ್ ರೆಕಾರ್ಡರಿನಲ್ಲಿ.

ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಪ್ಪ ಅಮ್ಮನ ಜೊತೆಗಿದ್ದ ಕಾಲೇಜು ದಿನಗಳಲ್ಲಿ, ಬ್ಲೂಸ್ ಎಂಬ ದುಃಖಪ್ರಧಾನ ಸಂಗೀತವನ್ನು ಹಾಡಿ ನುಡಿಸುವ ಇಂಗ್ಲೆಂಡಿನ ಗಿಟಾರ್ ವಾದಕರೊಬ್ಬರ ಕ್ಯಾಸೆಟ್ಟು ನನ್ನ ಕೈಸೇರಿತು. ಎರಡು ಹೊತ್ತೂ ಅಮ್ಮನ ಕೈಯ ಸಾರನ್ನ ಉಣ್ಣುತ್ತಾ ದುಃಖಕ್ಕೆ ಯಾವ ಕಾರಣವೂ ಇಲ್ಲದಿದ್ದ ನಾನು, ಆ ಪರದೇಶಿ ದುಃಖಕ್ಕೆ ಸಂಪೂರ್ಣ ಮಾರುಹೋದೆ. ಹಳೆಯ ಗಿಟಾರೊಂದನ್ನು ಸಂಪಾದಿಸಿ, ಗುರುವಿಗೆ ಸುಳಿವೇ ಕೊಡದೆ ಶಿಷ್ಯನಾಗಿ, ಎರಡು ವರ್ಷ ಟೇಪಿನ ಜೊತೆಜೊತೆಗೇ ಒಂದು ಹಾಡನ್ನು ಸಾಧಿಸಿದೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅದನ್ನು ನುಡಿಸಿದಾಗ, ಪಕ್ಕದಲ್ಲಿದ್ದ ಡ್ರಮ್ಮಿನವನು ನನಗಿಂತ ಮೊದಲೇ ಹಾಡು ಮುಗಿಸಿ ನೀರು ಕುಡಿಯುತ್ತಿದ್ದ. ನಮ್ಮ ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟು ಸಡಿಲಾಗಿ ಟೇಪು ನಿಧಾನಕ್ಕೆ ಸುತ್ತುತ್ತಿತ್ತೆಂದು ಆಮೇಲೆ ತಿಳಿಯಿತು. ಊರೆಲ್ಲ ಓಡುತ್ತಿದ್ದ ಗುರುಗಳು ನಮ್ಮ ಮನೆಯಲ್ಲಿ ಮಾತ್ರ ನಡೆಯುತ್ತಿದ್ದರು. ನಿಜವಾದ ವೇಗಕ್ಕೆ ನನ್ನ ಬೆರಳುಗಳು ಏನು ಮಾಡಿದರೂ ಒಗ್ಗಲಿಲ್ಲ. ನಾಚಿಕೆಯಿಂದ ಗಿಟಾರನ್ನು ಮಂಚದ ಕೆಳಗೆ ತಳ್ಳಿದೆ; ಅವರ ಸಮಕ್ಕೆ ಒಮ್ಮೆಯಾದರೂ ನುಡಿಸಬೇಕೆಂಬ ಆಸೆಯನ್ನು ಮಾತ್ರ ತಳ್ಳಲಾಗಲಿಲ್ಲ.

ನಾನು ಗುಮಾಸ್ತನಾಗಿ, ಸೆಕ್ಷನ್ ಆಫೀಸರನಾಗಿ, ನಿವೃತ್ತನಾಗಿ, ಈಗ ಲೋಧಿ ಕಾಲೋನಿಯಲ್ಲಿ ಮಗಳ ಕ್ವಾರ್ಟರ್ಸಿಗೆ ಬಂದು ಸೇರಿದ್ದೇನೆ. ಈ ನಡುವೆ ಗುರುಗಳು ಹಲವು ತಂಡ ಕಟ್ಟಿದರು, ಮುರಿದರು, ತಲೆ ನರೆಸಿಕೊಂಡರು, ನಿವೃತ್ತಿ ಘೋಷಿಸಿ ಮತ್ತೆ ವೇದಿಕೆಗೆ ಮರಳಿದರು. ಸರ್ಕಾರ ನನಗೆ ಆ ಸೌಲಭ್ಯ ಕೊಡಲಿಲ್ಲ.

ಮೊನ್ನೆ ದೀಪಾವಳಿಯ ಸಫಾಯಿ. "ಕಬಾಡಿ ಭಯ್ಯಾ ಕೆಳಗೆ ನಿಂತಿದಾನೆ, ಹಳೇ ಪೇಪರ್ ಜೊತೆ ಈ ಗಿಟಾರೂ ಕೊಟ್ಬಿಡ್ಲಾ?" ಎಂದಳು ಹೆಂಡತಿ. ಮನಸ್ಸಿಲ್ಲದಿದ್ದರೂ "ಹೂಂ" ಎಂದೆ. ಅಷ್ಟರಲ್ಲಿ ಮಗಳು ಮೊಬೈಲು ಹಿಡಿದು ಬಂದು, "ಪಾಪಾ, ಏಕ್ ಮಿನಿಟ್! ನಿಮ್ಮ ಗುರೂಜಿ ಇನ್ನೂ ನುಡಿಸ್ತಾರೆ, ದೇಖೋ!" ಎಂದಳು.

ಎಂಬತ್ತು ದಾಟಿದ ಗುರುಗಳು ಕುರ್ಚಿಯಲ್ಲಿ ಕುಳಿತಿದ್ದರು. ಅದೇ ಹಾಡು. ದಣಿದ ಕಂಠಕ್ಕಾಗಿ ಶ್ರುತಿ ಇಳಿಸಿದ್ದರು. ಬೆರಳುಗಳಿಗೆ ಯಾವ ಅವಸರವೂ ಇರಲಿಲ್ಲ. ಎರಡು ಸಾಲು ಕೇಳುವಷ್ಟರಲ್ಲಿ ಮೈ ಝುಮ್ಮೆಂದಿತು. ಅದು ನಮ್ಮ ಸಡಿಲ ಬೆಲ್ಟಿನ ವೇಗ!

ಹೆಂಡತಿಯ ಕೈಯಿಂದ ಗಿಟಾರನ್ನು ಕಸಿದುಕೊಂಡೆ. ಉಳಿದಿದ್ದ ನಾಲ್ಕು ತಂತಿಗಳನ್ನೇ ಬಿಗಿದು, ಹಾಡನ್ನು ಮೊದಲಿನಿಂದ ಹಾಕಿಸಿ, ತಪ್ಪುತ್ತಾ ತಡವರಿಸುತ್ತಾ ನುಡಿಸಿದೆ. ಗುರುಗಳೂ ನಾನೂ ಒಟ್ಟಿಗೇ ಮುಗಿಸಿದೆವು. ಸಂತೋಷಕ್ಕೆ ಕಣ್ಣು ತುಂಬಿತು. "ಔರ್ ಕುಛ್ ಹೈ, ಮಾತಾಜಿ?" ಎಂದು ಕೆಳಗಿನಿಂದ ಗುಜರಿಯವನು ಕೂಗಿದ. "ನಹೀ ಭಯ್ಯಾ, ಬಸ್ ಪೇಪರ್," ಎಂದಳು ಹೆಂಡತಿ.

ಮರುದಿನ ಉದ್ಯಾನದಲ್ಲಿ ಬಾತುಕೋಳಿಯೂ ನನ್ನನ್ನು ಹಿಂದೆ ಹಾಕಿತು. ನಾಲ್ಕು ಹೆಜ್ಜೆ ಮುಂದಿದ್ದ ಹೆಂಡತಿ ನಿಂತು ತಿರುಗಿ ನೋಡಿದಳು. "ಚಲೋ" ಎನ್ನಲಿಲ್ಲ, ನಾನು ಬಂದು ಸೇರುವವರೆಗೂ ಕಾದು, ನನ್ನ ವೇಗಕ್ಕೇ ಹೆಜ್ಜೆ ಹಾಕಿದಳು.