ಉಲ್ಟಾ ಥ್ರೆಡ್ಡಿನ ಬಳೆ

ನಲವತ್ತೆರಡನೇ ವಯಸ್ಸಿನಲ್ಲಿ, ಮುಂಡರಗಿಯ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಖೋಖೋ ಕಲಿಸುತ್ತ ಹಾಯಾಗಿದ್ದ ನನಗೆ ಮತ್ತೆ ಸೈಕಲ್ ಹುಚ್ಚು ಹಿಡಿಯಿತು.

ಕಾರಣ ಮೊಬೈಲು. ಒಂದು ಭಾನುವಾರ ಅಡುಗೆ ಮುಗಿಸಿ ಕೂತಿದ್ದಾಗ ಯಾವುದೋ ದೊಡ್ಡ ಊರಿನ ಹೆಂಗಸೊಬ್ಬಳ ವಿಡಿಯೊ ಬಂತು. ತೆಳ್ಳನೆಯ ಫ್ರೇಮು, ಹುಡುಗರು ಕಸರತ್ತು ಮಾಡುವ ಬಿಎಂಎಕ್ಸ್ ಸೈಕಲ್ಲಿನಂತೆ ಎತ್ತರಕ್ಕೆ ಎದ್ದ ಹ್ಯಾಂಡಲ್ಲು, ಕೇಸರಿ ಬಣ್ಣದ ರಿಮ್ಮು. ಬ್ರೇಕೇ ಇಲ್ಲ. ಕಾಲಿನಿಂದಲೇ ಗಾಲಿಯನ್ನು ತಡೆದು ನಿಲ್ಲಿಸುತ್ತಿದ್ದಳು. ಇದಕ್ಕೆ ಫಿಕ್ಸೆಡ್ ಗೇರ್ ಸೈಕಲ್ ಅನ್ನುತ್ತಾರೆ. ನಮ್ಮ ಮಾಮೂಲಿ ಸೈಕಲ್ಲಿನಲ್ಲಿ ತುಳಿಯುವುದು ಬಿಟ್ಟರೂ ಗಾಲಿ ತಾನಾಗಿ ಓಡುತ್ತದೆ. ಇದರಲ್ಲಿ ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ಲು ತಿರುಗುತ್ತಲೇ ಇರುತ್ತದೆ. ವೇಗ ಇಳಿಸಬೇಕೆಂದರೆ ಪೆಡಲನ್ನು ಹಿಂದಕ್ಕೆ ಒತ್ತಬೇಕು.

ನನಗೆ ಇದು ಗೊತ್ತಿದ್ದದ್ದೇ. ಗದಗ ಹೊಸ ಜಿಲ್ಲೆಯಾದ ಮೊದಲ ವರ್ಷಗಳಲ್ಲಿ ನಾನು ಸೈಕಲ್ ರೇಸಿಗೆ ಹೋಗುತ್ತಿದ್ದೆ. ಟ್ರ್ಯಾಕಿನಲ್ಲಿ ಕೊಡುತ್ತಿದ್ದದ್ದು ಇದೇ ಜಾತಿಯ ಸೈಕಲ್ಲು. ಹೇಳಿಕೊಳ್ಳುವಂಥದ್ದೇನೂ ಗೆದ್ದವಳಲ್ಲ, ಬಹಳ ಸಲ ನಾಲ್ಕನೆಯವಳು. ಮದುವೆಯಾದಾಗ ಸೈಕಲ್ಲನ್ನು ವಾಪಸು ಕೊಟ್ಟು ಬಂದೆ, ಅತ್ತದ್ದೂ ನೆನಪಿಲ್ಲ. ಆ ವಿಡಿಯೊ ನೋಡುವಾಗ ಮಾತ್ರ ನೆಲದ ಮೇಲೆ ಚಾಚಿಕೊಂಡಿದ್ದ ನನ್ನ ಕಾಲುಗಳ ಮೀನಖಂಡ ತಾನಾಗಿ ಬಿಗಿಯಿತು.

ಮುಂದಿನ ವಾರ ಬೆಟಗೇರಿಗೆ ಹೋದೆ. ಅಲ್ಲಿ ಅಣ್ಣನ ಲೇತ್ ಅಂಗಡಿ. ಪಂಪಿನ ಶಾಫ್ಟು, ಎಣ್ಣೆ ಮಿಲ್ಲಿನ ಸಾಮಾನು ಮಾಡುತ್ತಾನೆ. ನಾನು ಮೊಬೈಲ್ ಹಿಡಿದು ತೋರಿಸಿದೆ.

"ಏನವಾ, ನಲವತ್ತು ದಾಟಿದಿ. ಬ್ರೇಕಿಲ್ಲದ ಸೈಕಲ್ ಹತ್ತಿ ಎಲ್ಲಿಗೆ ಹೊಂಟೀದಿ?" ಅಂದ.

"ಎಲ್ಲಿಗೂ ಇಲ್ಲೋ ಅಣ್ಣಾ. ಹತ್ತಬೇಕು ಅನಸೇತಿ, ಅಷ್ಟ."

ಅವನು ವಿಡಿಯೊವನ್ನು ಮತ್ತೆ ಎರಡು ಸಲ ನೋಡಿದ. ಆಮೇಲೆ, "ಮುಂದಿನ ಗಾಲಿಗೆ ಬ್ರೇಕ್ ಹಾಕತೀನಿ. ಬ್ಯಾಡ ಅಂದ್ರ ನಾ ಮುಟ್ಟೂದಿಲ್ಲ ನೋಡು," ಅಂದ. ಒಪ್ಪಿಕೊಂಡೆ.

ಗುಜರಿಯಲ್ಲಿ ಒಂದು ಹಳೆಯ ಫ್ರೇಮು ಸಿಕ್ಕಿತು. ಹ್ಯಾಂಡಲ್ಲಿನ ಚಿತ್ರವನ್ನು ನಾನೇ ಬರೆದೆ. ಬಗ್ಗಿ ಕೂತರೆ ಈಗ ನಡು ನೋಯುತ್ತದಾದ್ದರಿಂದ ಬಿಎಂಎಕ್ಸಿನದಕ್ಕಿಂತ ನಾಲ್ಕು ಬೆರಳು ಎತ್ತರ, ತುದಿಗಳು ಸ್ವಲ್ಪ ಹಿಂದಕ್ಕೆ ಬಾಗಿದ್ದು, ನಡುವೆ ಒಂದು ಅಡ್ಡಪಟ್ಟಿ. ಅಣ್ಣ ಪೈಪು ಬಗ್ಗಿಸಿ ಬೆಸುಗೆ ಹಾಕಿದ. ಚೈನನ್ನೂ ಹಲ್ಲುಚಕ್ರವನ್ನೂ ಆನ್‌ಲೈನಿನಲ್ಲಿ ತರಿಸಿದೆ. ಪಾರ್ಸೆಲ್ ಬಿಚ್ಚಿದ ನನ್ನ ಗಂಡ ಆ ದಪ್ಪ ಚೈನನ್ನು ಎತ್ತಿ ಹಿಡಿದು, "ಇದೇನ, ಬಾವಿಗೆ ಬಿಡಾಕ ತರಿಸೀಯೇನ?" ಅಂದರು.

ತುಳಿಯದಿದ್ದರೂ ಗಾಲಿಯನ್ನು ಓಡಗೊಡುವ ಫ್ರೀವೀಲನ್ನು ಮಾಮೂಲಿ ಗಾಲಿಯಿಂದ ತೆಗೆದು, ಅದೇ ಜಾಗದಲ್ಲಿ ಅಣ್ಣ ಹಲ್ಲುಚಕ್ರವನ್ನು ತಿರುಗಿಸಿ ಬಿಗಿದ. ಮಧ್ಯಾಹ್ನ ಅಂಗಡಿಯ ಮುಂದಿನ ರಸ್ತೆಯಲ್ಲಿ ಹತ್ತಿದೆ. ಕಾಲು ಮರೆತಿರಲಿಲ್ಲ. ಎರಡು ಸುತ್ತು ಹೊಡೆದೆ, ನನ್ನಷ್ಟಕ್ಕೆ ನಗು ಬಂತು. ಮೂರನೇ ಸುತ್ತಿನಲ್ಲಿ ಎದುರಿಗೆ ಎಮ್ಮೆ ಬಂತೆಂದು ಪೆಡಲನ್ನು ಜೋರಾಗಿ ಹಿಂದಕ್ಕೆ ಒತ್ತಿದೆ. ಗಾಲಿ ನಿಲ್ಲಲಿಲ್ಲ. ಪೆಡಲ್ಲು ಮಾತ್ರ ಸರ್ರನೆ ಹಿಂದಕ್ಕೆ ತಿರುಗಿತು, ಕಾಲು ಜಾರಿತು. ಮುಂದಿನ ಬ್ರೇಕ್ ಹಿಡಿದು ಗಟಾರದ ಅಂಚಿನಲ್ಲಿ ಹೇಗೋ ನಿಂತೆ. ಎಮ್ಮೆ ತಿರುಗಿಯೂ ನೋಡಲಿಲ್ಲ.

ಅಣ್ಣ ಓಡಿ ಬಂದು ಹ್ಯಾಂಡಲ್ಲು ಹಿಡಿದುಕೊಂಡ. "ಸಾಕು ಬಿಡು, ಇದನ್ನ ಗುಜರಿಗೇ ಹಾಕೂನು," ಅಂದ.

ಎದುರಿನ ಸೈಕಲ್ ಅಂಗಡಿಯ ಚಾಚಾ ಎದ್ದು ಬಂದರು. ನಾನು ರೇಸಿಗೆ ಹೋಗುವಾಗ ನನ್ನ ಗಾಲಿಗಳ ಬೆಂಡು ತೆಗೆದುಕೊಡುತ್ತಿದ್ದವರು ಅವರೇ. ಗಾಲಿಯನ್ನು ಎತ್ತಿ ತಿರುಗಿಸಿ ನೋಡಿದರು. ಹಲ್ಲುಚಕ್ರ ಸಡಿಲಾಗಿ ಕೈಗೆ ಬಂದಿತ್ತು.

"ಮಿಸ್ತ್ರಿ, ಬಲಕ್ಕ ತಿರುವಿ ಬಿಗಿ ಮಾಡೀರಿ. ಬೇಟಿ ಹಿಂದಕ ಒತ್ತಿದ್ಲು ಅಂದ್ರ ಅದು ಎಡಕ್ಕ ತಿರುಗಿತು. ಸಡಲ ಆಗದ ಏನ್ ಮಾಡೀತು?" ಅಂದರು.

"ಹಂಗಾರ ಏನ್ ಮಾಡೂದ್ರಿ ಚಾಚಾ?" ಅಣ್ಣ ಕೇಳಿದ.

"ಎಡಗಡಿ ಪೆಡಲ್ ಬಿಚ್ಚಿ ನೋಡ್ರಿ. ಯಾವ ಸೈಕಲ್ಲಿಗಾದ್ರೂ ಅದರದು ಉಲ್ಟಾ ಥ್ರೆಡ್ ಇರತೈತಿ, ತಿರುಪಿನ ಗೆರಿ ಎಡಕ್ಕ. ತುಳಿಯೋ ಕಾಲು ಅದನ್ನ ಸಡಲ ಮಾಡಬಾರದು ಅಂತ. ಇದಕೂ ಮ್ಯಾಲೊಂದು ಉಲ್ಟಾ ಥ್ರೆಡ್ಡಿನ ಬಳಿ ಹಾಕ್ರಿ."

ಅಣ್ಣ ತಲೆ ಕೆರೆದುಕೊಂಡು ಒಳಗೆ ಹೋದವನು ಸೀಮೆಸುಣ್ಣದಿಂದ ನೆಲದ ಮೇಲೆ ಚಿತ್ರ ಬರೆಯತೊಡಗಿದ. ಹಲ್ಲುಚಕ್ರ ಬಲಕ್ಕೆ ಬಿಗಿಯುತ್ತದೆ. ಅದರ ಮೇಲೆ ಕೂರುವ ಬಳೆ ಎಡಕ್ಕೆ ಬಿಗಿಯುತ್ತದೆ. ಚಕ್ರ ಎಡಕ್ಕೆ ತಿರುಗಿ ಬಿಚ್ಚಿಕೊಳ್ಳಲು ನೋಡಿದರೆ ಬಳೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. "ಖರೆ ಅಂದ್ರ ಇದು ನನಗ ಹೊಳಿಬೇಕಾಗಿತ್ತು," ಅಂದ, ಯಾರ ಕಡೆಗೂ ನೋಡದೆ.

ಗುಜರಿಯ ಮಾತು ಅಲ್ಲಿಗೇ ನಿಂತಿತು. ಗಾಲಿಯ ನಡುವಿನ ಹಳೆಯ ಹಬ್‌ನಲ್ಲಿ ಆ ಬಳೆಗೆ ಜಾಗವಿರಲಿಲ್ಲ, ಲೇತಿನಲ್ಲಿ ಹೊಸದನ್ನೇ ಕಡೆಯಬೇಕಾಯಿತು. ಎರಡು ಹಾಳಾದವು, ಮೂರನೆಯದು ಸರಿಬಂತು. ಅದಕ್ಕೆ ಕಡ್ಡಿ ಹೆಣೆದು ಗಾಲಿ ಕಟ್ಟಿದವರು ಚಾಚಾ. ರಿಮ್ಮಿಗೆ ಕೇಸರಿ ಬಣ್ಣ ಬೇಕು ಅಂದಾಗ ಅವರು ಒಪ್ಪಲಿಲ್ಲ. "ಧೂಳಿನ್ಯಾಗ ನಾಕ ದಿನಕ್ಕ ಮಣ್ಣಿನ ಬಣ್ಣ ಆಗತೈತಿ, ಸುಮ್ನ ಯಾಕ?" ಅಂದರು. ನಾನು ಹಟ ಮಾಡಿದೆ. ಹಚ್ಚಿಕೊಟ್ಟರು. ನಾಲ್ಕು ದಿನ ಅಲ್ಲ, ಎರಡೇ ದಿನಕ್ಕೆ ಅವರು ಹೇಳಿದಂತೆಯೇ ಆಯಿತು.

ಈ ಸಲ ಅಣ್ಣ ನನ್ನನ್ನು ಹತ್ತಲು ಬಿಡಲಿಲ್ಲ, ಮೊದಲು ತಾನೇ ಹತ್ತಿದ. ಸ್ವಲ್ಪ ದೂರ ಹೋಗಿ ಅಭ್ಯಾಸದಂತೆ ತುಳಿಯುವುದನ್ನು ನಿಲ್ಲಿಸಿದ. ಪೆಡಲ್ಲು ಅವನನ್ನು ಸೀಟಿನಿಂದ ಎತ್ತಿ ಹಾರಿಸಿತು. ಬೀಳಲಿಲ್ಲ, ಕುಪ್ಪಳಿಸಿ ಕುಪ್ಪಳಿಸಿ ನಿಂತ. ಚಾಚಾ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡರು. "ಬಳಿ ಮಾತ್ರ ಜಪ್ಪಂತ ಕುಂತೇತಿ ನೋಡ್ರಿ," ಅಂದ ಅಣ್ಣ, ಏದುಸಿರು ಬಿಡುತ್ತಲೇ.

ಸೈಕಲ್ಲನ್ನು ಟಂಟಂ ಆಟೋದ ಮೇಲೆ ಹಾಕಿಕೊಂಡು ಮುಂಡರಗಿಗೆ ತಂದೆ. ಮರುದಿನ ಬೆಳಿಗ್ಗೆ ಹೊಳೆ ದಂಡೆಯ ಕೊರ್ಲಹಳ್ಳಿಯ ಕಡೆ ಹೊರಟಾಗ ಗಂಡ ಬೈಕಿನಲ್ಲಿ ಹಿಂದೆಯೇ ಬಂದರು. ಅಷ್ಟು ನಿಧಾನಕ್ಕೆ ಬೈಕು ಓಡಿಸುವುದು ಅವರಿಗೆ ಬಾರದು, ಎರಡು ಸಲ ಬಂದ್ ಬಿತ್ತು.

"ನೀವು ಮುಂದ ಹೋಗ್ರಿ, ಹೊಳಿ ದಂಡಿಗೆ ಕುಂಡ್ರಿ. ನಾ ಬರತೀನಿ," ಅಂದೆ.

"ಬಿದ್ದಗಿದ್ದಿ?"

"ಬಿದ್ರ ಎದ್ದು ಬರತೀನಿ."

ಅವರು ಹೋದರು. ಎರಡೂ ಕಡೆ ಸೂರ್ಯಕಾಂತಿ ಹೊಲ, ಮುಂದೆ ಖಾಲಿ ರಸ್ತೆ. ಇಳಿಜಾರಿನಲ್ಲಿ ಪೆಡಲ್ಲುಗಳು ಕಾಲನ್ನು ಎಳೆದುಕೊಂಡು ಓಡಿದವು. ಹಿಂದಕ್ಕೆ ಒತ್ತಿದೆ, ಗಾಲಿ ಮಾತು ಕೇಳಿತು. ರೇಸಿನ ಕಾಲದಲ್ಲಿ ನನ್ನ ಕಣ್ಣೆಲ್ಲ ಮುಂದಿನವಳ ಬೆನ್ನಿನ ಮೇಲೆಯೇ ಇರುತ್ತಿತ್ತು. ಆವತ್ತು ಮುಂದೆ ಯಾರೂ ಇರಲಿಲ್ಲ. ಅರ್ಧ ದಾರಿಯಲ್ಲಿ ನಿಂತು ನೀರು ಕುಡಿದೆ, ಹೊಲದ ಬಾಂದಿನ ಮೇಲೆ ಕೂತಿದ್ದ ಅಜ್ಜಿಯ ಜೊತೆ ಮಳೆಯ ಮಾತಾಡಿದೆ.

ತುಂಗಭದ್ರೆಯ ದಂಡೆಗೆ ಬಂದಾಗ ಗಂಡ ಒಬ್ಬ ಮೀನುಗಾರನ ಗೆಳೆತನ ಮಾಡಿಕೊಂಡು ಕಲ್ಲಿನ ಮೇಲೆ ಕೂತಿದ್ದರು. ನಾನು ಬಂದದ್ದು ನೋಡಿ ಬುತ್ತಿ ಬಿಚ್ಚಿದರು. ಕಾಲು ನೀರಿಗೆ ಬಿಟ್ಟುಕೊಂಡು, ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಹಚ್ಚಿಕೊಂಡು, ಇಬ್ಬರೂ ಬಹಳ ಹೊತ್ತು ತಿನ್ನುತ್ತ ಕೂತೆವು.