ನನ್ನ ಮಂಡಿಗೆ ಕಂಪ್ಲಿಯ ಪಟ್ಟಿ

ಚಿನ್ನಿ, ಗುಂಡಾ,

ನಾಲ್ಕು ಜನ ಎದುರು ಕೂತರೆ ನನಗೆ ಬಾಯಿ ಏಳುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ಅಜ್ಜ ಹೋದ ಮೇಲೆ ನನ್ನ ಮಂಡಿಗಳಿಗೆ ವಾರಸುದಾರರು ಹೆಚ್ಚಾದರು. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಿತ್ತು. ಹೊಸಪೇಟೆಯ ಡಾಕ್ಟರು ಮಾತ್ರೆ ಕೊಟ್ಟು, ಕುರ್ಚಿಯಲ್ಲಿ ಕೂತು ಕಾಲು ನೀಡುವ ವ್ಯಾಯಾಮ ಹೇಳಿದ್ದರು. ಗುಣ ನಿಧಾನ. ಅಷ್ಟರಲ್ಲಿ ಅಜ್ಜನ ತಂಗಿ ಕಂಪ್ಲಿಯಿಂದ ಬಂದಳು, ತಜ್ಞೆಯಾಗಿ.

"ಆ ಡಾಕ್ಟರ್ ಹತ್ರ ಹೋದೋರು ಅರ್ಧ ಮಂದಿ ಇನ್ನೂ ಕುಂಟ್ತಾರ. ನಮ್ಮೂರಾಗ ಎಣ್ಣಿ ಪಟ್ಟಿ ಕಟ್ಟಿಸ್ಕೊಂಡೋರು ಎಲ್ಲಾರೂ ಓಡ್ಯಾಡ್ತಾರ. ಯಾವುದು ಚಲೋ, ನೀವ ಹೇಳ್ರಿ ಅತ್ತಿಗಿ."

ನನಗಿಂತ ಮೊದಲು ನಿಮ್ಮಪ್ಪ ಪಟ್ಟಿಯೇ ಚಲೋ ಎಂದು ಹೇಳಿಬಿಟ್ಟ. ಮಾತ್ರೆ, ವ್ಯಾಯಾಮ ಎರಡೂ ಬಿಟ್ಟು ಸೋಮವಾರ ಕಂಪ್ಲಿಗೆ ಹೊರಡುವುದೆಂದು ತೀರ್ಮಾನವಾಯಿತು. ಮಂಡಿ ನನ್ನದು ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ.

ಅಡುಗೆಮನೆಯಲ್ಲಿ ನಾದಿನಿಯನ್ನು ಮೆಲ್ಲಗೆ ಕೇಳಿದೆ: "ಪಟ್ಟಿ ಕಟ್ಟಿಸ್ಕೊಂಡೋರು ಯಾರವ್ವಾ?"

"ಭತ್ತದ ನಾಟಿ ಹಚ್ಚೋ ಹುಡುಗೇರು. ನಾಟಿ ಮುಗಿಯೂದ್ರಾಗ ಎಲ್ಲಾರ್ದೂ ಮಂಡಿ ಹಿಡೀತಾವ."

"ಬರೇ ಉಪ್ಪಿನ ಶಾಖ ಕೊಟ್ಕೊಂಡೋರು?"

"ಅವರೂ ಓಡ್ಯಾಡ್ತಾರ. ಕೆಸರಿನ್ಯಾಗಿಂದ ಎದ್ದು ಬಂದ್ರ ಯಾರ್ದರ ಮಂಡಿ ನೆಟ್ಟಗಾಗ್ತದ," ಎಂದು ರೊಟ್ಟಿ ತಟ್ಟತೊಡಗಿದಳು.

ಡಾಕ್ಟರ ಬಾಗಿಲಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಸಂಡೂರಿನ ಗಣಿಗಳಲ್ಲಿ ಅದಿರು ಹೊತ್ತು ಮುದುಕಿಯರಾದವರು. ಬರೀ ಉಪ್ಪಿನ ಶಾಖವನ್ನೇ ನಂಬಿದ ಅವರ ಓರಗೆಯವರು ಈಗ ಹಾಸಿಗೆ ಬಿಟ್ಟು ಏಳುತ್ತಿಲ್ಲವಂತೆ. ಅಂಥವರಲ್ಲಿ ಅರ್ಧ ಮಂದಿಯನ್ನು ಡಾಕ್ಟರು ನಡೆಸಿದ್ದಾರೆ. ಕಂಪ್ಲಿಯ ಪಟ್ಟಿಯೋ, ಹೇಗೂ ಓಡುವವರನ್ನು ಓಡಿಸಿದೆ. ಎರಡೂ ಕಡೆ ಸಮನಾಗಿ ಇದ್ದದ್ದು ಉಪ್ಪಿನ ಶಾಖವೊಂದೇ. ಡಾಕ್ಟರಾಗಲಿ ಪಟ್ಟಿಯಾಗಲಿ ಬರೀ ಶಾಖಕ್ಕಿಂತ ಎಷ್ಟು ಹೆಚ್ಚು ಗುಣ ಕೊಟ್ಟಿತು ಎಂದು ನೋಡಬೇಕಿತ್ತು. ನಮ್ಮ ಮನೆಯಲ್ಲಿ ನೋಡಿದ್ದು ಓಡುವ ಕಾಲುಗಳನ್ನು ಮಾತ್ರ.

ಸೋಮವಾರ ನಿಮ್ಮಪ್ಪ ಕಾರು ತಂದು ನಿಲ್ಲಿಸಿದ. ನಾನು ಕುರ್ಚಿಯಲ್ಲಿ ಕೂತು ಕಾಲು ನೀಡುತ್ತಿದ್ದೆ.

"ಜಲ್ದಿ ಏಳವ್ವಾ."

"ನಾನು ಬರಂಗಿಲ್ಲಪ್ಪ. ನಾನೂ ಭತ್ತದ ನಾಟಿ ಹಚ್ಚಿದ ವರ್ಷ ಪಟ್ಟಿ ಕಟ್ಟಿಸ್ಕೊಂಡು ಬರ್ತೀನಿ."

ನಾದಿನಿ ಮುಖ ಊದಿಸಿಕೊಂಡು ಒಬ್ಬಳೇ ಕಾರು ಹತ್ತಿದಳು.

ಈಗ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗುತ್ತೇನೆ. ನೆಲದ ಮೇಲೆ ಕೂರಲು ಇನ್ನೂ ಆಗದು. ಕಂಪ್ಲಿಯವರ ಪ್ರಕಾರ ನಾನು ಇವತ್ತಿಗೂ ಕುಂಟುವ ಅರ್ಧದಲ್ಲೇ ಇದ್ದೇನೆ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಿಮಗೂ ಮಂಡಿಗಳಿವೆ, ಬಂಧುಗಳೂ ಇದ್ದಾರೆ.