ಹೊರಗಿಟ್ಟ ತಾಟಿನಲ್ಲಿ ಉಂಡ ನರ್ಸಬಾಯಿ

ಮಾತ್ರೆಯ ಪಟ್ಟಿಗಳನ್ನು ಒತ್ತಿ ಒತ್ತಿ ನರ್ಸಬಾಯಿಯ ಬಲಗೈ ಹೆಬ್ಬೆರಳು ಜಡ್ಡುಗಟ್ಟಿತ್ತು. ಮರಾಠಿ ಸೀಮೆಯ ಭೋಸರಿಯಲ್ಲಿ, ಕಾರ್ಮಿಕರ ಸಾಲುಮನೆಗಳಾದ ಚಾಳುಗಳಲ್ಲಿ, ಕ್ಷಯರೋಗಿಗಳಿಗೆ ಗುಳಿಗೆ ಕೊಡುವುದು ಅವರ ಕೆಲಸ. ವಿಜಯಪುರದ ಕಡೆಯವರು, ಬಾಗಿಲಲ್ಲಿ ಮರಾಠಿ, ನಮ್ಮ ಕಡೆಯವರ ಮನೆಯಾದರೆ ಒಳಗೆ ಕೂತ ಮೇಲೆ ಕನ್ನಡ. ಕೆಮ್ಮು ಹೇಗಿದೆ ಎಂದು ಬಾಗಿಲಲ್ಲಿ ನಿಂತು ಎಂದೂ ಕೇಳುತ್ತಿರಲಿಲ್ಲ, ಪಕ್ಕದ ಮನೆಗೆ ಕೇಳಿಸೀತೆಂದು.

ನಾನು ಅದೇ ನಗರದ ಇನ್ನೊಂದು ತುದಿಯ ಹಡಪಸರದ ಒಂದು ಸಂಶೋಧನಾ ಕಚೇರಿಯಲ್ಲಿದ್ದೆ. ಜನ ಗುಳಿಗೆಯನ್ನು ಅರ್ಧಕ್ಕೇ ಬಿಡುವುದೇಕೆ ಎಂಬುದನ್ನು, ಅವರು ಫೇಸ್‌ಬುಕ್ಕು, ಯೂಟ್ಯೂಬುಗಳಲ್ಲಿ ಬರೆದುಕೊಂಡಿದ್ದನ್ನು ಓದಿ ತಿಳಿಯಬೇಕಿತ್ತು. ಹೆಚ್ಚಿನವರು ‘ಮರೆತುಹೋಗುತ್ತದೆ’ ಎಂದಿದ್ದರು. ಹಾಗಾದರೆ ದಿನಾ ನೆನಪಿಸಿದರಾಯಿತು ಎಂದುಕೊಂಡು, ನರ್ಸಬಾಯಿಯ ಚಿಕಿತ್ಸಾಲಯಕ್ಕೆ ನಂಬರು ಕೊಟ್ಟವರಿಗೆಲ್ಲ ‘ಇವತ್ತಿನ ಕ್ಷಯದ ಗುಳಿಗೆ ಆಯಿತೇ?’ ಎಂದು ವಾಟ್ಸಪ್ ಸಂದೇಶ ಕಳಿಸತೊಡಗಿದೆ.

ಓದಿದ್ದನ್ನೆಲ್ಲ ಪಟ್ಟಿ ಮಾಡಿದ್ದ ನನ್ನ ಕಾಗದ ನೋಡಿ ನರ್ಸಬಾಯಿ, “ಇದರಾಗ ಹೆಂಗಸರು ಎಷ್ಟು ಮಂದಿ ಬರದಾರ, ತಂಗಿ?” ಎಂದಿದ್ದರು. ನಾನು ನಕ್ಕು ಕಾಗದ ಮಡಚಿಟ್ಟಿದ್ದೆ.

ಸಂದೇಶ ಶುರುವಾದ ನಾಲ್ಕನೆಯ ದಿನ ಅವರ ಫೋನು ಬಂತು. “ಈಗಿಂದೀಗ ಬಾ.”

ಲೇತ್ ಯಂತ್ರದ ಕೆಲಸಗಾರನೊಬ್ಬನ ಹೆಂಡತಿ ಮನೆಯವರಿಂದ ಕಾಯಿಲೆ ಮುಚ್ಚಿಟ್ಟು ಎರಡು ತಿಂಗಳಿನಿಂದ ಗುಳಿಗೆ ನುಂಗುತ್ತಿದ್ದಳು. ಮನೆಯಲ್ಲಿದ್ದುದು ಗಂಡನ ಫೋನೊಂದೇ. ನಂಬರು ಕೇಳಿದಾಗ ಅದನ್ನೇ ಕೊಟ್ಟಿದ್ದಳು. ನನ್ನ ಸಂದೇಶವನ್ನು ಅವನು ತಾಯಿಗೆ ಓದಿ ಹೇಳಿದ್ದ. ನಾವು ಹೋದಾಗ ಅವಳ ಹಾಸಿಗೆ, ತಾಟು, ಲೋಟ ಬಾಗಿಲಾಚೆ ಇದ್ದವು. ಅಂಜಿಕೆಯಿಂದ ಅವಳು ಗುಳಿಗೆಯನ್ನೇ ನಿಲ್ಲಿಸಿದ್ದಳು.

ನರ್ಸಬಾಯಿ ಯಾರನ್ನೂ ಬೈಯಲಿಲ್ಲ. ಹೊರಗಿಟ್ಟ ತಾಟನ್ನೇ ಎತ್ತಿಕೊಂಡು ಒಳಗೆ ಹೋಗಿ ಕೂತರು. “ಭಾಳ ಹಸಿವ್ಯಾಗ್ಯದರಿ ಅವ್ವಾರ. ಇದರಾಗ ಒಂದು ಭಕ್ಕರಿ ಹಾಕ್ರಿ.”

ಅತ್ತೆ ದಂಗಾದಳು. “ಆ ತಾಟಿನ್ಯಾಗ?”

“ಹೌದ್ರಿ. ತಾಟಿನಿಂದ ಈ ಬ್ಯಾನಿ ಹತ್ತಂಗಿಲ್ಲ. ಗುಳಿಗಿ ಬಿಟ್ರ ಮಾತ್ರ ಸೊಸಿ ಉಳಿಯಂಗಿಲ್ಲ.”

ಆ ಜೋಳದ ರೊಟ್ಟಿ ಮುರಿದು ನನಗೂ ಅರ್ಧ ಕೊಟ್ಟರು. ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ತಿಂದೆ.

ಎಂಟು ದಿನ ಅವರು ಹಾಗೆಯೇ ಹೋಗಿ ಉಂಡರು. ಒಂಬತ್ತನೆಯ ದಿನ ಸೊಸೆಯ ತಾಟು ಒಳಗೇ ಇತ್ತು. ಗುಳಿಗೆ ಮತ್ತೆ ಶುರುವಾಯಿತು, ಅವಳು ಗುಣವಾದಳು.

ಸಂದೇಶಗಳನ್ನು ನಾನು ಆ ಮನೆಗೆ ಹೋದ ದಿನವೇ ನಿಲ್ಲಿಸಿದ್ದೆ. ಆ ಕೆಲಸವನ್ನೇ ಬಿಡುತ್ತೇನೆಂದಾಗ ನರ್ಸಬಾಯಿ ತಡೆದರು. “ಓದೂದು ಬಿಡಬ್ಯಾಡ. ಬರದವರದೂ ಖರೇನ ಅದ. ಬರಿಯಾಕ ಫೋನಿಲ್ಲದಾಕಿ ಮನಿಗೆ ನೀ ನಡಕೋತ ಹೋಗು.” ಆರು ತಿಂಗಳು ಅವರ ಹಿಂದೆ ಚಾಳು ಚಾಳು ತಿರುಗಿದೆ. ವರದಿಯಲ್ಲಿ ಮರೆವಿಗೆ ಅರ್ಧ ಪುಟ ಸಾಕಾಯಿತು. ಮನೆಯ ಫೋನು ಯಾರ ಕೈಯಲ್ಲಿರುತ್ತದೆ ಎಂಬುದೇ ಒಂದು ಅಧ್ಯಾಯವಾಯಿತು.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣು ಮುಗಿಸಿ ಬಂದವಳು ಅಭ್ಯಾಸಬಲದಿಂದ ಫೇಸ್‌ಬುಕ್ಕಿನಲ್ಲಿ ಅವರ ಹೆಸರು ಹಾಕಿ ಹುಡುಕಿದೆ. ಯಾರೂ ಒಂದು ಸಾಲೂ ಬರೆದಿರಲಿಲ್ಲ. ಆದರೆ ಅಂದು ಬೆಳಿಗ್ಗೆ ಅವರ ಮನೆಯ ಮುಂದೆ ಹೆಂಗಸರು ಎಷ್ಟು ನೆರೆದಿದ್ದರೆಂದರೆ, ಓಣಿಗೆ ಬಂದ ರಿಕ್ಷಾಗಳೆಲ್ಲ ತಿರುಗಿ ಹೋಗಬೇಕಾಯಿತು.